ಎಸ್ಪೆನ್‌ಬೆತ್ ಮುಚ್ಚಿದ ಬಿರುಕು

ಮಂಗಿಸ್ತಾವ್ ಎಂಬ ಮರುಭೂಮಿ ಸೀಮೆಯ ಎಣ್ಣೆಬಾವಿಗಳಲ್ಲಿ ಸಿಮೆಂಟು ಹಾಕುವವರಿಗೆ ಯಾರೂ ನಿಲುವಂಗಿ ಹೊದಿಸಿ ಸನ್ಮಾನ ಮಾಡುವುದಿಲ್ಲ. ಎಣ್ಣೆ ಬಂದರೆ ಹೊಗಳಿಕೆ ಕೊರೆದವರಿಗೆ, ಬಾವಿ ಕೆಟ್ಟರೆ ಬೈಗುಳ ಇವರಿಗೆ. ಎಸ್ಪೆನ್‌ಬೆತ್ ತಲೆ ಬೋಳಾಗುವವರೆಗೂ ಅದೇ ಕೆಲಸ ಮಾಡಿದವನು. ಆದರೂ ಅತ್ತಿಗೆ ಬಲ್‌ಜಾನ್‌ಳ ಬಾಯಲ್ಲಿ ಅವನಿನ್ನೂ 'ಗುಂಗುರು'! ಅಲ್ಲಿನ ಪದ್ಧತಿಯಂತೆ ಗಂಡನ ಕಡೆಯ ಗಂಡಸರ ಹೆಸರನ್ನು ಸೊಸೆಯಾದವಳು ಎತ್ತಬಾರದಲ್ಲ. ಮದುವೆಯಾಗಿ ಬಂದ ದಿನ ಈ ಮೈದುನನ ಗುಂಗುರು ಕೂದಲು ಕಂಡು ಇಟ್ಟ ಹೆಸರು ಅದು. ಗಂಡ ಸತ್ತ ದಿನ ಎದೆ ಬಡಿದುಕೊಂಡು ಅತ್ತಳಲ್ಲ, ಆಗಲೂ ಅವಳು ಕೂಗಿ ಕರೆದದ್ದು ಗುಂಗುರನನ್ನೇ.

ಅವಳಿದ್ದದ್ದು ಎಣ್ಣೆಬಾವಿಗಳ ಬಯಲಿನಿಂದ ಒಂದು ದಿಬ್ಬದ ಆಚೆ, ಮಾವ ಕೈಯಾರೆ ತೋಡಿದ ಬಾವಿಯ ಪಕ್ಕ. ಸುತ್ತಲಿನ ಬಾವಿಗಳೆಲ್ಲ ಉಪ್ಪು, ಇದೊಂದೇ ಸಿಹಿ. ಅವಳ ಒಂಟೆಗಳು, ಅವುಗಳ ಹಾಲು, ಅವಳ ಬದುಕು ಎಲ್ಲ ನಿಂತಿದ್ದು ಆ ನೀರಿನ ಮೇಲೆ.

ಆ ವಸಂತದಲ್ಲಿ ದಿಬ್ಬದ ಈಚೆ ಹೊಸ ಎಣ್ಣೆಬಾವಿ ಕೊರೆಯುತ್ತಿದ್ದರು. ಮೇಲಿನ ಸುಣ್ಣಕಲ್ಲಿನ ಪದರದಲ್ಲೇ ತಕರಾರು ಶುರುವಾಯಿತು. ಕೊರೆಯುವಾಗ ಕೊಳವೆಯಲ್ಲಿ ಕೆಳಗೆ ಬಿಡುವ ಕೆಸರು ತಿರುಗಿ ಮೇಲೆ ಬರಬೇಕು, ಬರಲಿಲ್ಲ. ಎಲ್ಲೋ ಒಂದು ಬಿರುಕು ಸುರಿದದ್ದನ್ನೆಲ್ಲ ಗಟಗಟ ಕುಡಿಯುತ್ತಿತ್ತು. ಅದನ್ನು ಮುಚ್ಚದೆ ಕೊಳವೆಯ ಸುತ್ತ ಸಿಮೆಂಟು ನಿಲ್ಲುವ ಹಾಗಿಲ್ಲ. ಅಕ್ರೋಟಿನ ಚಿಪ್ಪು ಹಾಕಿದರು, ಮರದ ಹೊಟ್ಟು ಹಾಕಿದರು, ಎಲ್ಲ ಸ್ವಾಹಾ!

"ಏನಯ್ಯಾ, ನಿಮ್ಮೂರ ನೆಲಕ್ಕೆ ಬರೀ ಬಾಯಾ, ಹೊಟ್ಟೆ ಇಲ್ವಾ?" ಎಂದು ಮೇಸ್ತ್ರಿ ರಾವಿಲ್ ರೇಗಿದ.

"ತಡಿ, ಆ ಬಾಯಿಗೆ ತುರುಕೋ ಸಾಮಾನು ನಮ್ಮತ್ತಿಗೆ ಹತ್ರ ಇದೆ," ಎಂದು ಎಸ್ಪೆನ್‌ಬೆತ್ ಗಾಡಿ ಹತ್ತಿದ.

ಬಲ್‌ಜಾನ್ ನೆಲಹಾಸು ಹೊಲಿಯುವವಳು. ಕತ್ತರಿಸಿ ಉಳಿದ ಕೆಂಪು ಉಣ್ಣೆಯ ಚೂರುಗಳು ಮೂಟೆಗಟ್ಟಲೆ ಬಿದ್ದಿದ್ದವು.

"ಯಾಕೋ ಗುಂಗುರು, ನಿಮ್ಮ ಎಣ್ಣೆಬಾವಿಗೆ ಚಳಿಯಾಗ್ತದಾ?" ಎಂದು ನಗಾಡುತ್ತಲೇ ಕಟ್ಟಿಕೊಟ್ಟಳು.

ಉಣ್ಣೆ ಒಳಗೆ ಹೋಯಿತು. ಬೆನ್ನಿಗೇ ಬೇಗ ಬಿಗಿಯುವ ಸಿಮೆಂಟು ಹೋಯಿತು. ಅದು ಗಟ್ಟಿಯಾದ ಮೇಲೆ ಮತ್ತೆ ಕೆಸರು ಬಿಟ್ಟರೆ, ಅಬ್ಬಾ, ತಿರುಗಿ ಮೇಲೆ ಬಂತು! ರಾವಿಲ್ ಅವನನ್ನು ಎತ್ತಿಕೊಂಡು ಕುಣಿದ. ಎಸ್ಪೆನ್‌ಬೆತ್ ಅತ್ತಿಗೆಗೆಂದು ಚಹಾಪುಡಿ, ಮಿಠಾಯಿ ಹಿಡಿದುಕೊಂಡು ಹಿಗ್ಗುತ್ತ ದಿಬ್ಬ ದಾಟಿದ.

ಒಂಟೆಗಳು ತೊಟ್ಟಿಯ ಸುತ್ತ ನಿಂತಿದ್ದವು. ತೊಟ್ಟಿ ಒಣಗಿತ್ತು.

"ಬಂದ್ಯಾ ಗುಂಗುರು? ನೋಡೋ ಇಲ್ಲಿ! ಮೊದಲು ನೀರು ಬೂದಿಬಣ್ಣ ಬಂತು. ಈಗ ಬಕೆಟ್ಟು ಠಣ್ ಅಂತದೆ. ಮಾವನ ಬಾವಿ ಯಾವತ್ತಾದ್ರೂ ಬತ್ತಿದ್ದುಂಟಾ?"

ಅವನೇ ಬಕೆಟ್ಟು ಇಳಿಬಿಟ್ಟು, ತಳ ಕೆರೆಸಿ ಎಳೆದ. ಬಂದದ್ದು ಒಂದು ಬೂದು ಹೆಂಟೆ. ಸಿಮೆಂಟು! ಆಯುಷ್ಯವೆಲ್ಲ ಅದನ್ನೇ ಕಲಸಿದ ಕೈಗೆ ಗುರುತು ಸಿಗದಿರುತ್ತದೆಯೇ? ಅದರಲ್ಲಿ ಕೆಂಪು ಉಣ್ಣೆಯ ಚೂರೊಂದು ಸಿಕ್ಕಿಕೊಂಡಿತ್ತು. ದೇವರೇ, ತಾನು ಮುಚ್ಚಿದ್ದು ಬರೀ ಬಿರುಕನ್ನಲ್ಲ, ಅಪ್ಪನ ಬಾವಿಯ ಸೆಲೆಯನ್ನು! ಹೆಂಟೆಯನ್ನು ಅತ್ತಿಗೆಯ ಮುಂದಿಟ್ಟ.

ಬಲ್‌ಜಾನ್ ಆ ಚೂರನ್ನು ಕಿತ್ತು, ಅಂಗಿಯ ಅಂಚಿಗೆ ಉಜ್ಜಿ, ಬೆಳಕಿಗೆ ಹಿಡಿದಳು. ತಾನೇ ಅದ್ದಿದ ಬಣ್ಣ.

"ಇದು ನಾನು ಕೊಟ್ಟಿದ್ದಲ್ವಾ?"

"ಹೂಂ, ಅತ್ತಿಗೆ."

"ಮತ್ತೆ ತೆಗಿ ಹಾಗಾದ್ರೆ."

"ತೆಗಿಯೋಕಾಗಲ್ಲ. ಕಲ್ಲಾಗಿದೆ."

ಮರಿ ಒಂಟೆಯೊಂದು ಒಣ ತೊಟ್ಟಿಯನ್ನು ನೆಕ್ಕುತ್ತಿತ್ತು. ಅವಳು ಅದನ್ನು ಈಚೆಗೆ ಎಳೆದು, ಮೈದುನನ ಕಡೆ ತಿರುಗಿದಳು.

"ಎಸ್ಪೆನ್‌ಬೆತ್," ಎಂದಳು, "ನಿಮ್ಮ ಮನೆಗೆ ಹೋಗಿ."