ಎರಡನೇ ಸಲ ಯಾರೂ ಹತ್ತಲಿಲ್ಲ

ನಮ್ಮ ಲಾರಿ ಆಫೀಸಿನಲ್ಲಿ ಎಲ್ಲರೂ ಅವರನ್ನು ವಿಚಾರಣೆ ಅಕ್ಕ ಎನ್ನುತ್ತೇವೆ. ಕೆಲಸ ಕೇಳಿಕೊಂಡು ಬರುವ ಡ್ರೈವರುಗಳ ಹಳೇ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸುವುದು ಹದಿನೇಳು ವರ್ಷದಿಂದ ಅವರ ಕೆಲಸ. ಅಪಘಾತ ಮಾಡಿದ್ದಾನಾ? ಕುಡೀತಾನಾ? ಕೆಲಸ ಯಾಕೆ ಬಿಟ್ಟ? ಫಾರಂನಲ್ಲಿರುವುದು ಮೂರೇ ಪ್ರಶ್ನೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ಈ ದಂಧೆಯ ಪದ್ಧತಿ. ಬೇರೆ ಕಡೆಯಿಂದ ನಮಗೆ ಫೋನ್ ಬಂದಾಗ ಅಕ್ಕನ ಬಾಯಿಗೂ ಬೀಗವೇ. 'ಊರ ಉಸಾಬರಿ ನಮಗ್ಯಾಕೆ?' ಎನ್ನುತ್ತಿದ್ದರು. ಎದುರು ಮೇಜಿನಲ್ಲಿ ಗೇಟ್ ಪಾಸ್ ಬರೆಯುವ ನನಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಒಂದು ಬೆಳಗ್ಗೆ ಐವತ್ತರ ಆಸುಪಾಸಿನ ಡ್ರೈವರ್ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ. ಮಾಲೀಕರಿಗೆ ಅವಸರ. ಅಕ್ಕನ ತಮ್ಮ ನಮ್ಮಲ್ಲೇ ಡ್ರೈವರ್. ಅವನನ್ನು ಜೊತೆಗೆ ಹತ್ತಿಸಿ, ಬಂದವನ ಕೈಗೆ ಕೀ ಕೊಟ್ಟು, "ಒಂದು ಸುತ್ತು ಓಡಿಸಿ ಬರಲಿ, ವಿಚಾರಣೆ ಆಮೇಲೆ ಮಾಡ್ಕೊಳ್ಳಮ್ಮ" ಎಂದುಬಿಟ್ಟರು.

ಅಕ್ಕ ಎಂದಿನಂತೆ ಸ್ಪೀಕರ್ ಹಾಕಿ ಫೋನ್ ಹಚ್ಚಿದರು. ಮೂರು ಹಳೇ ಆಫೀಸಿನಲ್ಲೂ ಒಂದೇ ಉತ್ತರ. ಅಪಘಾತವಿಲ್ಲ, ಕುಡಿತವಿಲ್ಲ, ತಾನಾಗಿ ಬಿಟ್ಟ. ಆದರೆ ಅಂದು ಗಾಡಿಯಲ್ಲಿದ್ದದ್ದು ಒಡಹುಟ್ಟಿದವನು. ಅಕ್ಕ ಮೂರೂ ಕಡೆಗೆ ಮತ್ತೆ ಫೋನ್ ಹಚ್ಚಿ, ಮೊದಲ ಸಲ ಫಾರಂನಲ್ಲಿ ಇಲ್ಲದ್ದನ್ನು ಕೇಳಿದರು. "ಅವರ ಜೊತೆ ಯಾರು ಹೋಗ್ತಿದ್ರು?"

"ಒಬ್ಬ ಹೋಗಿದ್ದ. ಮತ್ತೆ ಹತ್ತಲಿಲ್ಲ" ಎಂದರು ಮೊದಲನೆಯವರು. ಎರಡನೆಯವರದೂ ಅದೇ ಮಾತು. ಮೂರನೇ ಆಫೀಸಿನಲ್ಲಿ ಜೊತೆಗೆ ಹೋಗಿದ್ದವನೇ ಫೋನ್ ತೆಗೆದುಕೊಂಡ.

"ಅವನು ನಿದ್ದೇಲಿ ಓಡಿಸ್ತಾನೆ, ಅಮ್ಮ."

"ತೂಕಡಿಸ್ತಾರಾ?"

"ತೂಕಡಿಕೆ ಅಲ್ಲ, ಗಾಢ ನಿದ್ದೆ. ಗೇರ್ ಬೀಳುತ್ತೆ, ತಿರುವಲ್ಲಿ ಸ್ಟೀರಿಂಗ್ ತಿರುಗುತ್ತೆ, ಎದುರು ಬಸ್ಸು ಬಂದ್ರೆ ಗಾಡಿ ಪಕ್ಕಕ್ಕೆ ಸರಿಯುತ್ತೆ. ಒಂದ್ಸಲ ಭುಜ ಹಿಡಿದು ಎಬ್ಬಿಸಿಬಿಟ್ಟೆ. ಎಚ್ಚರ ಆದವನಿಗೆ ಬ್ರೇಕ್ ಎಲ್ಲಿದೆ ಅಂತಾನೇ ಗೊತ್ತಿರ್ಲಿಲ್ಲ! ಹ್ಯಾಂಡ್‌ಬ್ರೇಕ್ ನಾನೇ ಎಳೆದೆ. ದಯವಿಟ್ಟು ಎಬ್ಬಿಸ್ಬೇಡಿ."

ಅಕ್ಕ ಆ ಫೋನ್ ಇಟ್ಟು ತಕ್ಷಣ ತಮ್ಮನಿಗೆ ಹಚ್ಚಿದರು.

"ಒಳ್ಳೆ ಕೈ ಅಕ್ಕ ಇವರದ್ದು. ಮಾತಿಲ್ಲ, ಕತೆಯಿಲ್ಲ" ಎಂದ ಅವನು.

"ಕನ್ನಡಕದ ಪಕ್ಕದಿಂದ ಅವರ ಕಣ್ಣು ನೋಡು."

ಅವನು ಮುಂದಕ್ಕೆ ಬಾಗಿರಬೇಕು, ಸೀಟು ಕಿರುಗುಟ್ಟಿತು.

"ಮುಚ್ಚಿದೆ ಅಕ್ಕಾ..."

"ಕೂಗಬೇಡ. ಮುಟ್ಟಬೇಡ. ನನ್ನ ಮಾತು ಕೇಳ್ತಾ ಕೂತಿರು."

ನಲವತ್ತು ನಿಮಿಷ ಅಕ್ಕ ಮೆಲುದನಿಯಲ್ಲಿ ಮಾತಾಡುತ್ತಲೇ ಇದ್ದರು. ಅಮ್ಮನ ಮಂಡಿನೋವು, ಅವನು ಶಾಲೆ ತಪ್ಪಿಸಿ ಮಂಚದಡಿ ಅಡಗಿದ್ದು, ಏನೇನೋ. ಕೊನೆಗೆ ಲಾರಿ ಗೇಟು ದಾಟಿ ಬಂತು. ಎರಡು ಗಾಡಿಗಳ ನಡುವೆ ಗೇಣು ಜಾಗ ಬಿಟ್ಟು ಹಿಮ್ಮುಖವಾಗಿ ಬಂದು ನಿಂತಿತು. ನಮ್ಮಲ್ಲಿ ಯಾರೂ ಅಷ್ಟು ಚೆನ್ನಾಗಿ ನಿಲ್ಲಿಸಿದವರಿಲ್ಲ. ತಮ್ಮ ಇಳಿದವನೇ ಓಡಿ ಬಂದು ಅಕ್ಕನ ಪಕ್ಕ ನಿಂತ. ಡ್ರೈವರ್ ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು ಸುತ್ತ ನೋಡಿದ.

"ಇಷ್ಟು ಬೇಗ ಬಂದ್ಬಿಟ್ವಾ?"

ಅವನಿಗೆ ಕೆಲಸ ಸಿಗಲಿಲ್ಲ. "ಮೂರು ಕಡೆ ಗೊತ್ತಿತ್ತು, ಒಬ್ಬರೂ ತಾವಾಗಿ ಹೇಳಲಿಲ್ಲ. ನಾನಾಗಿದ್ರೂ ಹೇಳ್ತಿರಲಿಲ್ಲ" ಎಂದು ಅಕ್ಕ ಅಂದು ನನ್ನೆದುರೇ ಅತ್ತರು.

ವಾರ ಕಳೆದು ಇನ್ಯಾವುದೋ ಆಫೀಸಿನಿಂದ ಅವನ ವಿಷಯಕ್ಕೇ ಫೋನ್ ಬಂತು. ಸ್ಪೀಕರಿನಲ್ಲಿ ಎಳೆ ಹುಡುಗಿಯ ದನಿ. ಅಪಘಾತ? ಇಲ್ಲ. ಕುಡಿತ? ಇಲ್ಲ. ಬಿಟ್ಟದ್ದು ಯಾಕೆ? ನಾವೇ ತಗೊಳ್ಳಲಿಲ್ಲ. ಹುಡುಗಿ ಥ್ಯಾಂಕ್ಸ್ ಹೇಳಿ ಇಡುವುದರಲ್ಲಿದ್ದಳು.

"ಇನ್ನೊಂದು ಕೇಳಮ್ಮ," ಎಂದರು ಅಕ್ಕ. "ಜೊತೆಗೆ ಹೋದವರು ಏನಂದ್ರು ಅಂತ ಕೇಳು."

"ಅದು ಫಾರಂನಲ್ಲಿ ಇಲ್ವಲ್ಲ ಮೇಡಂ. ಹೇಗಿದ್ರೂ ಅವರು ಆಗಲೇ ಹೊರಟಾಯ್ತು. ಜೊತೆಗೆ ನಮ್ಮಪ್ಪ ಹೋಗಿದಾರೆ."

ಅಕ್ಕ ಕುರ್ಚಿಯಿಂದ ಎದ್ದು ನಿಂತರು.

"ಅಪ್ಪನಿಗೆ ಈಗಲೇ ಫೋನ್ ಮಾಡು ಮಗಳೇ. ಏನೇ ಆದ್ರೂ ಅವನನ್ನ ಎಬ್ಬಿಸ್ಬೇಡಿ ಅಂತ ಹೇಳು."