ಮಾಲಿವನ್ ತೆಗೆದುಕೊಳ್ಳದ ಸನ್ಯಾಸ

ರೋಯ್‌-ಎತ್ ಬಸ್ ನಿಲ್ದಾಣದ ಹಿಂದುಗಡೆ ಹಸಿ ಪರಂಗಿಕಾಯಿ ಕುಟ್ಟಿ ಕೋಸಂಬರಿ ಮಾರುವ ಮಾಲಿವನ್‌ ಗೊತ್ತಿಲ್ಲ ಎಂದರೆ, ಅಂಥವರು ನಮ್ಮೂರಿನವರೇ ಅಲ್ಲ ಬಿಡಿ. ಅವಳ ಒರಳಿನ ಸದ್ದಿಗಿಂತ ಬಾಯಿಯ ಸದ್ದೇ ಜೋರು. "ಎಷ್ಟು ಮೆಣಸಿನಕಾಯಿ ಹಾಕ್ಲಿ ಅಣ್ಣಾ? ಒಂದೇನಾ? ಅಯ್ಯೋ, ನೀವೇನು ಹಸಿ ಬಾಣಂತಿನಾ?" ಎಂದು ಲಾರಿ ಡ್ರೈವರುಗಳನ್ನೇ ನಾಚಿಸಿ ಬಿಡುವವಳು. ಅಂಥವಳಿಗೆ ಮೂವತ್ತನಾಲ್ಕನೆಯ ವಯಸ್ಸಿಗೆ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಮೂರು ವಾರಕ್ಕೊಂದರಂತೆ ಆರು ಕೀಮೋ ಆಗಬೇಕು ಎಂದರು ಡಾಕ್ಟರು. "ದಿನಾ ಹನ್ನೆರಡು ಮೆಣಸಿನಕಾಯಿ ತಿನ್ನೋಳು ಸ್ವಾಮಿ ನಾನು, ಆರಕ್ಕೆ ಹೆದರ್ತೀನಾ?" ಎಂದು ಅವರಿಗೇ ಹೇಳಿ ಬಂದಳು. ಹೆದರಿದ್ದಳು, ಅದು ಬೇರೆ ಮಾತು. ಮನೆಯಲ್ಲಿ ಎಂಟು ವರ್ಷದ ಮಗಳು ಫಾ, ಐದು ವರ್ಷದ ಮಗ ತೋಂಗ್ ಇದ್ದರು.

ಮೊದಲ ಕೀಮೋ ಆಗಿ ಮೂರನೆಯ ವಾರಕ್ಕೆ ಕೂದಲು ಹಿಡಿಹಿಡಿಯಾಗಿ ಕೈಗೆ ಬರತೊಡಗಿತು. "ದಿನಾ ಇಷ್ಟಿಷ್ಟೇ ಉದುರೋದನ್ನ ಯಾರು ನೋಡ್ತಾ ಕೂರ್ತಾರೆ, ಬೋಳಿಸಿಬಿಡವ್ವ" ಎಂದು ಮಾಲಿವನ್ ತಾಯಿಗೆ ಹೇಳಿದಳು. ತಾಯಿ ಖಾಂಪುನ್ ಬೆಳಗಾದರೆ ಬೌದ್ಧ ವಿಹಾರಕ್ಕೆ ಓಡುವ ಮುದುಕಿ. ತಲೆ ಬೋಳಿಸುವುದು ಎಂದರೆ ಆಕೆಗೆ ಗೊತ್ತಿದ್ದದ್ದು ಒಂದೇ ಕ್ರಮ. ಹೋದ ಮಳೆಗಾಲದಲ್ಲಿ ಕಿರಿಯ ಮಗ ಊರ ರೂಢಿಯಂತೆ ಮೂರು ತಿಂಗಳ ಮಟ್ಟಿಗೆ ಭಿಕ್ಷುವಾದಾಗ ಹೇಗೆ ಮಾಡಿದ್ದಳೋ ಹಾಗೇ ಮಾಡಿದಳು. ಮಗಳನ್ನು ಅಂಗಳದಲ್ಲಿ ಕೂರಿಸಿ ಕತ್ತರಿಸಿದ ಕೂದಲು ಹಿಡಿಯಲು ಮಡಿಲಿಗೆ ತಾವರೆ ಎಲೆ ಇಟ್ಟಳು. ಮೊದಲ ಕುಚ್ಚು ತಾನು ಕತ್ತರಿಸಿದಳು, ಎರಡನೆಯದನ್ನು ಅಳಿಯ ಬುನ್‌ಮಾ, ಮೂರನೆಯದನ್ನು ಮೊಮ್ಮಗಳು ಫಾ. ಆಮೇಲೆ ಪೂರ್ತಿ ಬೋಳಿಸಿ, ನೆತ್ತಿಗೆ ಅರಿಶಿನ ಸವರಿ ನೀರು ಹೊಯ್ದಳು. ಮೈಗೆ ಮೆತ್ತಗಿರಲಿ ಎಂದು ಹತ್ತಿಯ ಬಿಳಿ ಅಂಗಿ, ಬಿಳಿ ಪಂಚೆ ಕೊಟ್ಟಳು. ಇನ್ನೊಂದು ತಿಂಗಳಿಗೆ ಹುಬ್ಬೂ ಉದುರಿದವು. ನಮ್ಮಲ್ಲಿ ಸನ್ಯಾಸ ತೆಗೆದುಕೊಂಡ ಹೆಂಗಸರು ಉಡುವುದು ಬಿಳಿಯನ್ನೇ, ಹುಬ್ಬನ್ನೂ ಉಳಿಸಿಕೊಳ್ಳುವುದಿಲ್ಲ. ಇನ್ನೇನು ಬಾಕಿ?

ಒಂದು ದಿನ ಸಂತೆಯ ಬಾಳೆಹಣ್ಣಿನಜ್ಜಿ ಮಾಲಿವನ್‌ಳನ್ನು ಕಂಡವಳೇ ಗುರುತು ಹಿಡಿಯದೆ ನೆಲಕ್ಕೆ ಕೂತು ಕೈಮುಗಿದು, ಒಂದು ಚಿಪ್ಪು ಹಣ್ಣು ಮುಂದಿಟ್ಟಳು.

"ಹರಸಿ ತಾಯೀ, ನಮ್ಮ ಅಳಿಯ ಕುಡಿಯೋದು ಬಿಡ್ಲಿ."

"ಬಿಡ್ತಾನೆ ಬಿಡಜ್ಜಿ. ಬಿಡ್ದಿದ್ರೆ ನನ್ ಹತ್ರ ಕಳ್ಸು, ಒರಳಲ್ಲಿ ಹಾಕಿ ಕುಟ್ತೀನಿ."

ಮನೆಗೆ ಬಂದು ಇದನ್ನು ಅಭಿನಯಿಸಿ ತೋರಿಸಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವನು ತೋಂಗ್ ಒಬ್ಬನೇ.

ಆ ಹುಡುಗ ತಲೆ ಬೋಳಿಸಿದ ದಿನದಿಂದ ಅಮ್ಮನ ಹತ್ತಿರ ಸುಳಿದಿರಲಿಲ್ಲ. ಅದಕ್ಕೆ ಮುಂಚೆ ಅವಳ ತೋಳ ಮೇಲೆ ತಲೆ ಇಡದೆ ನಿದ್ದೆ ಮಾಡಿದವನಲ್ಲ. ಈಗ ಅಜ್ಜಿಯ ಪಕ್ಕದಲ್ಲಿ ಮುದುಡಿ ಮಲಗುತ್ತಿದ್ದ. ಅಮ್ಮ ಕೈ ಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿದು, ಮಂಡಿಯೂರಿ ಕೈಮುಗಿದು, ಓಡಿಬಿಡುತ್ತಿದ್ದ. ಸೂಜಿ ಚುಚ್ಚುವಾಗ ನರ್ಸನ್ನು ನಗಿಸುತ್ತಿದ್ದ ಹೆಂಗಸು ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತಳು.

"ನನ್ನ ಕಂಡ್ರೆ ಅವ್ನಿಗೆ ಹೇಸಿಗೆ ಕಣ್ರೀ" ಎಂದಳು ಗಂಡನಿಗೆ.

"ಹುಡುಗು ಮುಂಡೇದು, ಸರಿಹೋಗ್ತಾನೆ ಬಿಡು" ಎಂದ ಬುನ್‌ಮಾ. ಹಾಗೆಂದು ಐದು ವಾರವಾಗಿತ್ತು, ಹುಡುಗ ಸರಿಹೋಗಿರಲಿಲ್ಲ.

ನಾಲ್ಕನೆಯ ಕೀಮೋ ಮುಗಿದ ಮೂರನೆಯ ಸಂಜೆ. ಚಾಪೆಯ ಮೇಲೆ ಅಂಟಕ್ಕಿ ಅನ್ನದ ಬುಟ್ಟಿ, ಕೆಂಡದಲ್ಲಿ ಸುಟ್ಟ ಕೋಳಿ ಬಂದು ಕೂತವು. ಮಾಲಿವನ್ ದೂರದಲ್ಲಿ ಕಂಬಕ್ಕೆ ಒರಗಿ ಮೂಗು ಮುಚ್ಚಿಕೊಂಡಿದ್ದಳು. ಕೀಮೋ ಶುರುವಾದ ಮೇಲೆ ಬೆಳಿಗ್ಗೆ ಗಂಜಿ, ಹನ್ನೊಂದಕ್ಕೆ ಇನ್ನೊಂದಿಷ್ಟು ಹೊಟ್ಟೆಗಿಳಿದರೆ ಮುಗಿಯಿತು. ಹೊತ್ತು ಇಳಿದಂತೆ ಹೊಟ್ಟೆ ತೊಳಸುತ್ತಿತ್ತು.

"ಒಂದೇ ಒಂದು ತುತ್ತು ತಿನ್ನೇ, ನನ್ನ ತಾಯಿ" ಎಂದು ಖಾಂಪುನ್ ಅಂಗಲಾಚಿದಳು.

ತೋಂಗ್ ಸಿಟ್ಟಿನಿಂದ ಎದ್ದು ನಿಂತ. "ಅಜ್ಜೀ! ಅಮ್ಮಂಗೆ ಪಾಪ ಬರತ್ತೆ!"

"ಪಾಪ ಯಾಕೋ ಬರತ್ತೆ, ಊಟ ಮಾಡಿದ್ರೆ?"

"ಸನ್ಯಾಸ ತಗೊಂಡೋರು ಮಧ್ಯಾಹ್ನದ ಮೇಲೆ ತಿನ್ನಂಗಿಲ್ಲ. ಮಾವ ತಿಂತಿರ್ಲಿಲ್ಲ ತಾನೆ? ತಾವರೆ ಎಲೆ ಇಟ್ಟು ತಲೆ ಬೋಳ್ಸಿದ್ದು ನೀನೇ. ಅರಿಶಿನ ಹಚ್ಚಿದ್ದೂ ನೀನೇ!" ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾನು ಅಮ್ಮನ್ನ ಮುಟ್ಟಂಗಿಲ್ಲ. ನಾನು ಗಂಡಸು. ಸನ್ಯಾಸಿನೀರ್‌ನ ಗಂಡಸ್ರು ಮುಟ್ಟಬಾರ್ದು ಅಂತ ಫಾ ಹೇಳಿದ್ಲು."

"ನಾನು ಹೇಳಿದ್ದು ವಿಹಾರದಲ್ಲಿರೋರ ವಿಷ್ಯ! ಅಮ್ಮನ ವಿಷ್ಯ ಅಲ್ಲ ಕಣೋ, ಪೆದ್ದು!" ಎಂದಳು ಫಾ.

"ಮಾವ ಮೂರು ತಿಂಗಳಿಗೆ ವಾಪಸ್ ಬಂದ. ಅಮ್ಮ ಯಾವಾಗ ಬರ್ತಾಳೆ?" ಎಂದು ಹುಡುಗ ಬಾಯ್ಬಿಟ್ಟು ಅತ್ತುಬಿಟ್ಟ.

ಖಾಂಪುನ್ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಮುದಿ ಬುದ್ಧಿಗಿಷ್ಟು!"

ಮಾಲಿವನ್‌ಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಹೇಸಿಗೆಯಲ್ಲ, ಮಗ ಇಷ್ಟು ದಿನ ತನಗೆ ಪಾಪ ತಟ್ಟದಂತೆ ಕಾಯುತ್ತಿದ್ದನಲ್ಲ! ಎದೆಯ ಮೇಲಿನ ಬಂಡೆ ಇಳಿಸಿದ ಹಾಗಾಯಿತು ಅವಳಿಗೆ.

"ನಾನು ಸನ್ಯಾಸಿನಿ ಅಲ್ಲ ಮಗಾ. ಔಷಧಿಯಿಂದ ಕೂದ್ಲು ಹೋಗಿದ್ದು."

"ಸುಮ್ನೆ ಹೇಳ್ತಿದೀಯ." ಅವನು ಕಣ್ಣೊರೆಸಿಕೊಂಡ. "ಹಾಗಾದ್ರೆ ರಾತ್ರಿ ಯಾಕೆ ಉಣ್ಣಲ್ಲ?"

ಮಾಲಿವನ್ ಬುಟ್ಟಿಯನ್ನು ಎಳೆದುಕೊಂಡಳು. ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ, ಕೋಳಿಯ ಚೂರು ಅಂಟಿಸಿ ಬಾಯಿಗಿಟ್ಟಳು. ಕೋಳಿ ಕಬ್ಬಿಣ ನೆಕ್ಕಿದ ಹಾಗಿತ್ತು, ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ಬುನ್‌ಮಾ ಸದ್ದಿಲ್ಲದೆ ಬಕೆಟ್ ತಂದು ಅವಳ ಬೆನ್ನ ಹಿಂದೆ ಇಟ್ಟ.

"ನುಂಗು" ಎಂದ ತೋಂಗ್.

ನುಂಗಿದಳು.

"ಬಾಯಿ ತೆಗಿ. ನಾಲಿಗೆ ಎತ್ತು."

"ಪೊಲೀಸ್ನೋನಿಗಿಂತ ಕಡೆಯಾದ್ಯಲ್ಲೋ!" ಎನ್ನುತ್ತಲೇ ನಾಲಿಗೆ ಎತ್ತಿ ತೋರಿಸಿದಳು. ಅಷ್ಟಕ್ಕೇ ಬಿಡದೆ ಎರಡನೆಯ ತುತ್ತು, ಮೂರನೆಯ ತುತ್ತು ತಿಂದಳು. ಮೂರನೆಯದು ಇಳಿದದ್ದೇ ತಡ, ಹುಡುಗ ಹಾರಿ ಬಂದು ಅವಳ ಮಡಿಲಿಗೆ ಬಿದ್ದ. ಕುತ್ತಿಗೆಗೆ ಜೋತುಬಿದ್ದು, ಬೋಳು ನೆತ್ತಿಯನ್ನೆಲ್ಲ ಸವರಿ ನೋಡಿದ. ಇಷ್ಟು ದಿನದ ಅಪ್ಪುಗೆಯೆಲ್ಲ ಒಂದೇ ಸಲಕ್ಕೆ ಬಂದು ಅವಳಿಗೆ ಉಸಿರು ಕಟ್ಟಿತು.

"ಹಾಗಾದ್ರೆ ನೀನು ವಿಹಾರಕ್ಕೆ ಹೋಗಲ್ಲ?"

"ಹೋಗಲ್ಲ ಕಣೋ."

"ಎಲ್ಲಿಗೂ ಹೋಗಲ್ಲ?"

ಖಾಂಪುನ್ ಹೆಗಲ ಬಟ್ಟೆಯಂಚು ಹಿಡಿದುಕೊಂಡು ಬೇರೆ ಕಡೆ ನೋಡಿದಳು. ಇನ್ನೂ ಎರಡು ಕೀಮೋ ಬಾಕಿ ಇದ್ದವು, ಆಮೇಲೆ ಆಪರೇಷನ್ನು. ಊರಿಗೆಲ್ಲ ಉತ್ತರ ಕೊಡುವ ಮಾಲಿವನ್‌ಗೆ ಈ ಐದು ವರ್ಷದ ಗಂಡಸಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಬುಟ್ಟಿಗೆ ಕೈ ಹಾಕಿ ಇನ್ನೊಂದು ಉಂಡೆ ಕಟ್ಟಿ ಬಾಯಿಗಿಟ್ಟುಕೊಂಡಳು.

ತೋಂಗ್ ಅವಳು ಅಗಿಯುವುದನ್ನೇ ನೋಡಿದ. ಆಮೇಲೆ ತನ್ನ ಪುಟ್ಟ ಕೈಯಲ್ಲಿ ಒಂದು ಅಂಕುಡೊಂಕು ಉಂಡೆ ಮಾಡಿ ಅವಳ ಬಾಯಿಯ ಮುಂದೆ ಹಿಡಿದು ಕಾದ. ಮಾಲಿವನ್ ಬಾಯಿ ತೆರೆದಳು.