ಬಾಗಿಲು ಮುಚ್ಚೇ ಇತ್ತು

ನಾನು ಲಿಫ್ಟ್ ರಿಪೇರಿಯವನು. ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಪದೇ ಪದೇ ನಿಲ್ಲುತ್ತೆ ಅಂತ ಕರೆದಿದ್ದರು. ಹೋದರೆ ಲಿಫ್ಟ್ ಮುಂದೆಯೇ ಕುರ್ಚಿ ಹಾಕಿಕೊಂಡು ಮೀಟಿಂಗ್ ನಡೀತಿತ್ತು. ವಾಚ್‌ಮನ್ ಜಾಲರಿ ಬಾಗಿಲು ತೆರೆದಿಟ್ಟು ಹೋಗ್ತಾನೆ, ಅದಕ್ಕೇ ಲಿಫ್ಟ್ ನಿಲ್ಲೋದು, ಅವನನ್ನ ಕೆಲಸದಿಂದ ತೆಗೆಯೋಣ ಅನ್ನೋ ವಿಷಯ.

"ಯಾರ ಒತ್ತಾಯಾನೂ ಇಲ್ಲ, ಎಲ್ಲರೂ ಮುಕ್ತವಾಗಿ ಮಾತಾಡಿ," ಅಂದರು ಸೆಕ್ರೆಟರಿ.

"ದಿನಾ ಮುಚ್ಚೇ ಹೋಗ್ತೀನ್ರೀ ಸರ," ಅಂದ ರಾಯಚೂರು ಕಡೆಯ ವಾಚ್‌ಮನ್.

ಅಷ್ಟರಲ್ಲಿ ಲಿಫ್ಟ್ ಒಳಗಿಂದ ಹೆಣ್ಣು ದನಿ ಬಂತು: "ದಯವಿಟ್ಟು ಬಾಗಿಲು ಮುಚ್ಚಿ."

ಬಾಗಿಲು ಮುಚ್ಚೇ ಇತ್ತು. ಒಳಗೆ ಯಾರೂ ಇರಲಿಲ್ಲ. ರೆಕಾರ್ಡ್ ಮಾಡಿಟ್ಟ ದನಿ ಮಾತ್ರ ಮತ್ತೆ ಮತ್ತೆ ಅದನ್ನೇ ಬೇಡಿಕೊಳ್ಳುತ್ತಿತ್ತು. ಕೆಟ್ಟಿರೋದು ಬಾಗಿಲು ಮುಚ್ಚಿದೆಯೋ ಇಲ್ಲವೋ ಅಂತ ನೋಡೋ ಸೆನ್ಸರ್ ಅಂತ ನನಗೆ ತಿಳಿದುಹೋಯಿತು. ಮೀಟಿಂಗಿಗೆ ಕೂತವರ ಮುಖ ನೋಡಿದರೆ, ವಾಚ್‌ಮನ್ ತಪ್ಪಲ್ಲ ಅಂತ ಅವರಿಗೂ ತಿಳಿದಂತಿತ್ತು.

"ನೋಡಿದ್ರಾ, ಇವನದೇ ಕೆಲಸ," ಅಂದರು ಒಬ್ಬ ಆಂಟಿ, ಮುಚ್ಚಿದ ಬಾಗಿಲಿಂದ ಕಣ್ಣು ಕೀಳದೆ. ಎಲ್ಲರೂ ಮೆಲ್ಲಗೆ ತಲೆಯಾಡಿಸಿದರು.

ಸೆಕ್ರೆಟರಿ ನನ್ನ ಕಡೆ ತಿರುಗಿದರು. "ನೀವೂ ಹೇಳಿ, ಸಂಕೋಚ ಬೇಡ."

"ಇದರ ಗಲಾಟೆ ಜಾಸ್ತಿ ಆಯ್ತು ಸಾರ್," ಅಂತ ನಾನು ಆ ದನಿಯ ವೈರ್ ಕಟ್ ಮಾಡಿದೆ.

ಕಟ್ ಮಾಡು ಅಂತ ನನಗೂ ಯಾರೂ ಒತ್ತಾಯ ಮಾಡಿರಲಿಲ್ಲ.